ಸಾಸವಡದ ಕೃಷಿ ಹೊಂಡದಲ್ಲಿ ಕಲಿತ ಬ್ಯಾಕ್‌ಫ್ಲಿಪ್ ಗುಲ್ಮಾರ್ಗ್‌ನ ಹಿಮದ ಮೇಲೆ ನಿಂತಿತು

ಪುಣೆಯಲ್ಲಿ ಕೂತು ಸ್ಕೀ ಮೇಲೆ ಲಾಗ ಹೊಡಿಯೋದು ಕಲಿಯೋಕಾಗಲ್ಲ ಅಂತ ನನಗೆ ಹೇಳದೇ ಇದ್ದವರೇ ಕಮ್ಮಿ. ಗುಲ್ಮಾರ್ಗ್‌ನಲ್ಲಿ ನನಗೆ ಸ್ಕೀ ಕಲಿಸಿದವರೇ ಒಬ್ಬರು ಅಂದಿದ್ರು, ವರ್ಷಕ್ಕೆ ಒಂದು ವಾರ ಬಂದು ಹೋಗೋರ ಕೆಲಸ ಅಲ್ಲ ಇದು, ಹಿಮ ಬೀಳೋ ಊರಲ್ಲೇ ಬೆಳೀಬೇಕು ಅಂತ. ಈಗ ಆಗಿದೆ. 2025ರ ಮಾರ್ಚ್‌ನಲ್ಲಿ ನಾವೇ ಕಟ್ಟಿದ ಕಿಕ್ಕರ್, ಅಂದ್ರೆ ಹಿಮದ ಹಾರುದಿಬ್ಬದ ಮೇಲಿಂದ ಹಿಂದಕ್ಕೆ ಲಾಗ ಹೊಡೆದು ಎರಡೂ ಸ್ಕೀ ಮೇಲೆ ಇಳಿದು ಕೆಳಗಿನ ತನಕ ಜಾರಿಕೊಂಡು ಹೋಗಿದ್ದೀನಿ, ಅದೂ ಅಪ್ಪಿತಪ್ಪಿ ಒಂದು ಸಲ ಅಲ್ಲ, ಆ ವಾರದಲ್ಲಿ ಬಿದ್ದದ್ದಕ್ಕಿಂತ ನಿಂತದ್ದೇ ಜಾಸ್ತಿ. ಕಲಿತದ್ದು ಮಾತ್ರ ಪೂರ್ತಿ ಮಹಾರಾಷ್ಟ್ರದ ಬಿಸಿಲಲ್ಲಿ, ಪುಣೆ ಪಕ್ಕದ ಸಾಸವಡ ಹತ್ರ ಒಂದು ಕೃಷಿ ಹೊಂಡದಲ್ಲಿ. ಪ್ಯಾರಲಲ್ ಟರ್ನು (ಎರಡೂ ಸ್ಕೀ ಜೋಡಿಯಾಗಿಟ್ಟು ತಿರುಗೋದು), ಸ್ಟ್ರೇಟ್ ಏರು (ಲಾಗ ಹೊಡಿದೆ ನೆಟ್ಟಗೆ ಹಾರೋದು) ಎಲ್ಲ ಆರಾಮಾಗಿ ಬರೋರಿಗೆ ಬರೀತಿದ್ದೀನಿ, ಬೂಟು, ಅದನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗು, ಇವುಗಳ ಪುರಾಣ ಇಲ್ಲಿಲ್ಲ.

ಲಾಗ ನಮಗೇನು ಹೊಸದಲ್ಲ. ಶಿವಮೊಗ್ಗ ಕಡೆ ಹುಟ್ಟಿದೋನು ನಾನು, ತುಂಗೆಗೆ ಹಾರಿ ಹಾರಿನೇ ಬೆಳೆದದ್ದು. ಆದ್ರೆ ಕಾಲಿಗೆ ಬೂಟು ಸ್ಕೀ ಸೇರಿ ಏಳೆಂಟು ಕೇಜಿ ಹತ್ತಿದ ಮೇಲೆ ಅದೇ ಲಾಗ ಬೇರೆಯಾಗುತ್ತೆ, ತಿರುಗೋದು ನಿಧಾನ, ಒಮ್ಮೆ ತಿರುಗೋಕೆ ಶುರುವಾಯ್ತೋ ನಿಲ್ಲಿಸೋದೂ ಕಷ್ಟ. ಮೊದಲು ಟ್ರ್ಯಾಂಪೊಲೀನ್ ಪಾರ್ಕಿಗೆ ಹೋಗಿ ನೋಡಿದೆ, ಗಂಟೆಗೆ ಆರೇಳುನೂರು ಇಸ್ಕೊಂಡು ಫ್ಲಿಪ್ ಹೊಡಿಯಂಗಿಲ್ಲ ಅಂತ ಶಿಳ್ಳೆ ಊದ್ತಿದ್ರು, ದುಡ್ಡು ದಂಡ. ಆಮೇಲೆ ಪೇಠೆ ಕಡೆ ಮಲ್ಲಕಂಬ ಕಲಿಸೋ ಒಂದು ವ್ಯಾಯಾಮಶಾಲೆ ಸಿಕ್ತು, ತಿಂಗಳಿಗೆ ಸಾವಿರದ ಚಿಲ್ಲರೆ ಫೀಸು. ಅಲ್ಲಿಯ ಸರ್ ಜೀವಮಾನದಲ್ಲಿ ಸ್ಕೀ ಮುಟ್ಟಿದವರಲ್ಲ, ಆದ್ರೆ ಸೊಂಟಕ್ಕೆ ಬೆಲ್ಟ್ ಕಟ್ಟಿ ಹಗ್ಗ ಹಿಡಿದು ನಿಂತ್ರೆ ನನ್ನ ತಪ್ಪು ನನಗಿಂತ ಮುಂಚೆ ಅವರ ಕೈಗೆ ಗೊತ್ತಾಗ್ತಿತ್ತು. ‘ಡೋಕಂ ನಕೋ, ಕಂಬರ್!’ ಅಂತ ಒಂದೇ ಮಾತು ದಿನಾ. ತಲೆ ಹಿಂದಕ್ಕೆ ಎಸೆದು ತಿರುಗೋಕೆ ಹೋಗಬೇಡ, ನೆಟ್ಟಗೆ ಮೇಲಕ್ಕೆ ಎದ್ದು ಸೊಂಟ ಮುಂದಕ್ಕೆ ತಗೊಂಡು ಬಾ ಅಂತ. ಸ್ಕೀ ಬ್ಯಾಕ್‌ಫ್ಲಿಪ್ಪಿನ ಮುಕ್ಕಾಲು ಪಾಲು ವಿದ್ಯೆ ಇದೇ. ಕಿಕ್ಕರಿನ ಬಾಗು ತಾನಾಗೇ ನಿಮ್ಮನ್ನ ಹಿಂದಕ್ಕೆ ತಿರುಗಿಸ್ತಿರುತ್ತೆ, ಅದರ ಮೇಲೆ ತಲೆನೂ ಎಸೆದ್ರೆ ಎತ್ತರ ಸಿಗಲ್ಲ, ತಿರುಗೋದು ವಿಪರೀತ ಆಗುತ್ತೆ. ಮುಂದಕ್ಕೆ ಲಾಗ ಹೊಡಿಯೋರು ಇದೇ ಬಾಗಿನ ಜೊತೆ ಗುದ್ದಾಡಬೇಕು, ಅದಕ್ಕೇ ಅದನ್ನ ಈಗ ಕೈಬಿಟ್ಟಿದ್ದೀನಿ.

ಜಿಮ್ಮಿನಿಂದ ಸೀದಾ ಹಿಮಕ್ಕೆ ಹೋಗೋದು ಹುಚ್ಚುತನ, ನಡುವೆ ಒಂದು ಮೆಟ್ಟಿಲು ಬೇಕೇ ಬೇಕು. ಏರಿಯಲ್ಸ್, ಅಂದ್ರೆ ಸ್ಕೀ ಮೇಲೆ ಗಾಳಿಯಲ್ಲಿ ಲಾಗ ಹೊಡಿಯೋ ಸ್ಪರ್ಧೆ, 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸಿಂದ ಪದಕದ ಆಟ, ಅದನ್ನ ಆಡೋರಿಗೆ ಬೇಸಿಗೆಯೆಲ್ಲ ರ‍್ಯಾಂಪಿಂದ ನೀರಿಗೆ ಹಾರೋದೇ ಕೆಲಸ, ಅಮೆರಿಕದ ಪಾರ್ಕ್ ಸಿಟಿಯಲ್ಲಿ ಅದಕ್ಕಂತಲೇ ಕೊಳ ಕಟ್ಟಿದ್ದಾರೆ. ಯುರೋಪಿನ ಕ್ಯಾಂಪುಗಳನ್ನ ವಿಚಾರಿಸಿದೆ, ವಿಮಾನ ವೀಸಾ ಊಟ ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ರ ಬರ್ತಿತ್ತು. ಅಷ್ಟು ಕೊಟ್ಟು ಹತ್ತು ದಿನ ಹಾರೋದಕ್ಕಿಂತ ಇಲ್ಲೇ ಕಟ್ಟಿದ್ರೆ ಮೂರು ತಿಂಗಳು ಹಾರಬಹುದಲ್ಲ ಅನ್ನಿಸ್ತು.

ನೀರಿಗಿಂತ ಮುಂಚೆ ಒಂದು ಅಗ್ಗದ ಪ್ರಯೋಗ ಮಾಡಿದ್ವಿ, ಕಬ್ಬಿನ ರವದಿ, ಅಂದ್ರೆ ಒಣಗಿದ ಗರಿ. ಟ್ರ್ಯಾಕ್ಟರ್ ಟ್ರಾಲಿಗೆ ಎರಡು ಸಾವಿರದ ಹಾಗೆ ಕೊಟ್ಟು ಎರಡಾಳೆತ್ತರ ರಾಶಿ ಹಾಕಿಸಿದ್ವಿ. ಮೆತ್ತಗೇನೋ ಇತ್ತು, ಆದ್ರೆ ಸ್ಕೀ ತುದಿ ಒಳಗೆ ಸಿಕ್ಕಿಕೊಂಡು ಮಂಡಿ ತಿರುಚ್ತಿತ್ತು, ಮೈಯೆಲ್ಲ ಗರಿಯ ಗೀರು, ಒಂದು ಮಳೆ ಬಿದ್ದಿದ್ದೇ ತಡ ಮುದ್ದೆಯಾಗಿ ಕೂತ್ಕೊಂಡ್ತು. ಅದನ್ನ ಯಾರೂ ಮಾಡೋಕೆ ಹೋಗಬೇಡಿ.

ಹೊಂಡ ಸಿಕ್ಕಿದ್ದು ಆಫೀಸಿನ ಗೆಳೆಯನೊಬ್ಬನ ಮಾವನ ಅಂಜೂರದ ತೋಟದಲ್ಲಿ. ಸುಮಾರು 30 ಮೀಟರ್ ಚೌಕ, ಮೂರು ಮೀಟರಿಗೆ ಮೇಲೆ ಆಳ, ಒಳಗೆಲ್ಲ ಕರಿ ಪ್ಲಾಸ್ಟಿಕ್ ಶೀಟು. ಹೊಂಡದ ಏರಿಯೇ ನೆಲದಿಂದ ಆಳೆತ್ತರ ಇರೋದ್ರಿಂದ ಅರ್ಧ ಖರ್ಚು ಅಲ್ಲೇ ಉಳೀತು. ಏರಿ ಹಿಂದೆ ಸ್ಕ್ಯಾಫೋಲ್ಡಿಂಗ್ ಪೈಪಿನ ಅಟ್ಟ, ಅಲ್ಲಿಂದ ಇಳಿಜಾರು, ಏರಿ ದಾಟಿ ನೀರಿನ ಮೇಲೆ ಚಾಚಿಕೊಂಡಿರೋ ಬಾಗು. ಇಳಿಜಾರಿನ ಎತ್ತರ ನಾಲ್ಕೂವರೆ ಮೀಟರ್ ಇರಬಹುದು, ತುದಿಗೆ ಬರೋವಾಗ ಗಂಟೆಗೆ 25 ಕಿಲೋಮೀಟರ್ ಆಸುಪಾಸು ವೇಗ, ತುದಿಯ ಕೋನ 35ರಿಂದ 40 ಡಿಗ್ರಿ. ಗಾಳಿಯಲ್ಲಿ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತೆ, ಒಂದು ಲಾಗಕ್ಕೆ ಧಾರಾಳ. ಹೊಂಡದ ಒಳಬದಿ ಇಳಿಜಾರಾಗಿರೋದ್ರಿಂದ ತುದಿ ಎಷ್ಟು ಮುಂದಕ್ಕಿದ್ರೆ ಬೀಳೋ ಜಾಗ ಪೂರ್ತಿ ಆಳದಲ್ಲಿ ಬರುತ್ತೆ ಅನ್ನೋದನ್ನ ಮರಳಿನ ಚೀಲ ಉರುಳಿಸಿ ಉರುಳಿಸಿ ನೋಡಿದ್ವಿ. ಪ್ಲೈವುಡ್ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು, ಅದನ್ನ ಒದ್ದೆ ಇಟ್ರೆ ಸ್ಕೀ ಜಾರುತ್ತೆ. ಬರೀ ನೀರಲ್ಲಿ ಸಾಕಷ್ಟು ಜಾರಲ್ಲ, ನಾವು ನೀರಿಗೆ ಏನು ಬೆರೆಸ್ತಿದ್ವಿ ಅಂತ ಹೇಳಲ್ಲ, ಆದ್ರೆ ತೋಟಕ್ಕೆ ಹೋಗೋ ನೀರು ಅದು, ಸೋಪು ಗೀಪು ಹಾಕೋ ಹಂಗಿಲ್ಲ ಅಷ್ಟೇ ಹೇಳ್ತೀನಿ.

ಕಬ್ಬಿಣದ ಕೆಲಸ ಮಾಡಿಕೊಟ್ಟವನು ಪುಣೆ ಪಕ್ಕದ ಭೋಸರಿಯಲ್ಲಿ ಶೆಡ್ ಇಟ್ಟಿರೋ ಇಂಡಿ ಕಡೆಯ ಹುಡುಗ. ಅಟ್ಟ ನಿಲ್ಲಿಸಿ ಕೆಳಗಿಳಿದು ಬಂದು ‘ಅಣ್ಣಾರ, ನಿಮ್ಮ ಭಾರ ಇದು ತಡೀತೈತಿ, ಆ ಚಿಂತಿ ಬಿಡ್ರಿ. ಆದ್ರ ಹಿಂಗ ತಲಿಕೆಳಗಾಗಿ ಹಾರೂದು ಮನ್ಯಾಗ ಗೊತ್ತೈತೇನು?’ ಅಂತ ಕೇಳಿದ. ಮನೇಲಿ ಗೊತ್ತಿತ್ತು, ಅದು ಬೇರೆ ಕತೆ.

ಮೊದಲನೇ ಬಾಗು ಕೆಲಸಕ್ಕೆ ಬರಲಿಲ್ಲ. ಜಾಗ ಉಳಿಸೋಕೆ ಬಾಗನ್ನ ಗಿಡ್ಡ ಮಾಡಿದ್ದು, ಅದಕ್ಕೆ ಒಳಗೆ ನುಗ್ಗಿದ ಕೂಡಲೇ ಮಂಡಿ ಮಡಚಿ ಕೂರಿಸಿಬಿಡ್ತಿತ್ತು, ಕೂತಲ್ಲಿಂದ ಎದ್ದು ಹಾರೋಕೆ ಟೈಮೇ ಇಲ್ಲ, ಬೆನ್ನು ಮೇಲೆ ಚಟ್ ಅಂತ ನೀರಿಗೆ. ಒಂದು ವಾರ ಬೆನ್ನು ಕೆಂಪಗಿತ್ತು. ಬಿಚ್ಚಿ ಮತ್ತೆ ಉದ್ದಕ್ಕೆ ಕಟ್ಟಿಸಿದ್ವಿ, 18 ಸಾವಿರ ಹೋಯ್ತು. ಆ ಎರಡನೇ ಬಾಗಿನ ಕೊನೇ ಎರಡಡಿಯಲ್ಲೇ ಎಲ್ಲ ಇರೋದು, ಅದರ ಅಳತೆ ಮಾತ್ರ ನನ್ನ ಹತ್ರಾನೇ ಇರಲಿ.

ಇನ್ನೊಂದು ದೊಡ್ಡ ಖರ್ಚು ಪ್ಲಾಸ್ಟಿಕ್ ಶೀಟಿಂದು. ಸ್ಕೀ ಅಂಚಿನ ಉಕ್ಕು ಕತ್ತಿ ಇದ್ದಹಾಗೆ, ದಡ ಹತ್ತೋವಾಗ ಒಂದು ಸ್ಕೀ ಜಾರಿ ಶೀಟಿಗೆ ಗೇಣುದ್ದ ಸೀಳು ಬಿತ್ತು, ನೀರು ಸೋರೋಕೆ ಶುರು. ತೋಟದ ಯಜಮಾನರು, ನಾವು ಕಾಕಾ ಅನ್ನೋರು, ಏನೂ ಅನ್ನಲಿಲ್ಲ, ಸುಮ್ನೆ ದಡದಲ್ಲಿ ಕೂತು ನೀರನ್ನೇ ನೋಡ್ತಿದ್ರು, ಅದೇ ಜಾಸ್ತಿ ಕಷ್ಟ ಆಯ್ತು ನನಗೆ. ನೀರು ಇಳಿಸಿ, ಆಳು ಕರೆಸಿ, ಬಿಸಿಗಾಳಿ ಮೆಷಿನ್ನಲ್ಲಿ ಪ್ಯಾಚ್ ಹಾಕಿಸಿ, ಪಂಪ್ ಓಡಿಸಿ ಮತ್ತೆ ನೀರು ತುಂಬಿಸಿ, ಒಟ್ಟು 12-13 ಸಾವಿರ. ಆಮೇಲೆ ಹತ್ತೋ ಜಾಗಕ್ಕೆ ದನದ ಕೊಟ್ಟಿಗೆಗೆ ಹಾಸೋ ರಬ್ಬರ್ ಮ್ಯಾಟ್ ಹಾಸಿದ್ವಿ, ಹಳೇ ಸ್ಕೀ ಅಂಚಿಗೆಲ್ಲ ಟೇಪ್ ಸುತ್ತಿದ್ವಿ, ಮತ್ತೆ ಆ ತೊಂದರೆ ಬರಲಿಲ್ಲ.

ಇಲ್ಲಿ ಒಂದು ಮಾತು ಗಂಭೀರವಾಗಿ. ಶೀಟ್ ಹಾಕಿದ ಹೊಂಡಕ್ಕೆ ಬಿದ್ರೆ ಈಜು ಬರೋರೂ ಮೇಲೆ ಬರೋಕಾಗಲ್ಲ, ಪಾಚಿ ಕಟ್ಟಿ ಅಷ್ಟು ಜಾರುತ್ತೆ, ಹಳ್ಳಿಗಳಲ್ಲಿ ಮಕ್ಕಳು ಹಿಂಗೇ ಹೋಗ್ತವೆ. ಲೈಫ್ ಜಾಕೆಟ್, ನೀರು ಸೋರಿ ಹೋಗೋ ಕಯಾಕ್ ಹೆಲ್ಮೆಟ್, ನಾಲ್ಕೂ ಬದಿಗೆ ಹಗ್ಗದ ಏಣಿ, ದಡದಲ್ಲಿ ಟ್ಯೂಬ್ ಹಿಡಿದು ಈಜು ಬರೋ ಇಬ್ಬರು. ಇದರಲ್ಲಿ ಒಂದು ಇಲ್ಲದ ದಿನ ನಾವು ಅಟ್ಟ ಹತ್ತಿದ್ದೇ ಇಲ್ಲ. ಬೂಟು ಎಷ್ಟು ಬಲಕ್ಕೆ ಕಳಚಬೇಕು ಅಂತ ಹೇಳೋ ಬೈಂಡಿಂಗ್ ಡಿನ್ ಸೆಟ್ಟಿಂಗ್ ನಿಮ್ಮ ಮಾಮೂಲಿಗಿಂತ ಇಳಿಸಿ, ಕಳಚಿಹೋದ ಸ್ಕೀ ಹುಡುಕೋಕೆ ಥರ್ಮಾಕೋಲ್ ತುಂಡು ದಾರಕ್ಕೆ ಕಟ್ಟಿ.

ನಮ್ಮ ಮೂರು ಜನರಲ್ಲಿ ಮಂಗಳೂರಿನ ಹುಡುಗಿ ಒಬ್ಬಳು ಸ್ನೋಬೋರ್ಡ್‌ನವಳು, ನನಗಿಂತ ಮುಂಚೆ ಅವಳೇ ತಿರುಗಿದ್ದು, ಎರಡು ಕಾಲೂ ಒಂದೇ ಹಲಗೆಗೆ ಕಟ್ಟಿರೋದ್ರಿಂದ ಗಾಳಿಯಲ್ಲಿ ಕಾಲು ಅಡ್ಡಾದಿಡ್ಡಿ ಆಗೋ ಪ್ರಶ್ನೆ ಇಲ್ಲ. ಆದ್ರೆ ತಿರುಗಿ ಕಣ್ಣು ಕೆಳಗೆ ಬಂದಾಗ ಅವಳೂ ತಡವರಿಸ್ತಿದ್ಲು. ‘ಎಂತ ಮಾರ್ರೆ, ನೀರು ಎಲ್ಲುಂಟು ಅಂತಲೇ ಕಾಣುದಿಲ್ಲ’ ಅಂದ್ಲು. ನಿಜ, ಅಲುಗಾಡದ ನೀರು ಮೇಲಿಂದ ಕಾಣಲ್ಲ, ಆಕಾಶದ ಬಿಂಬ ಕಾಣುತ್ತೆ, ಕಾಲು ಯಾವಾಗ ಚಾಚಬೇಕು ಅಂತ ತಿಳಿಯಲ್ಲ. ಪಾರ್ಕ್ ಸಿಟಿಯವರು ಕೆಳಗಿಂದ ಗಾಳಿಗುಳ್ಳೆ ಬಿಡ್ತಾರಲ್ಲ ಅಂತ ಪಂಕ್ಚರ್ ಅಂಗಡಿಯ ಎರಡು ಎಚ್‌ಪಿ ಕಂಪ್ರೆಸರ್ ಬಾಡಿಗೆಗೆ ತಂದು, ಡ್ರಿಪ್ ಪೈಪಿಗೆ ತೂತು ಹೊಡೆದು ತಳಕ್ಕೆ ಬಿಟ್ವಿ. ಅಲ್ಲೊಂದು ಇಲ್ಲೊಂದು ಗುಳುಗುಳು ಅಂದಿದ್ದು ಬಿಟ್ರೆ ನೀರೇನು ಮೆತ್ತಗಾಗಲಿಲ್ಲ. ಕೊನೆಗೆ ಕಾಕಾನ ತೋಟದ ಸ್ಪ್ರಿಂಕ್ಲರ್ ಒಂದನ್ನ ದಡದಲ್ಲಿ ನೆಟ್ಟು ಬೀಳೋ ಜಾಗಕ್ಕೆ ತಿರುಗಿಸಿದ್ವಿ, ನೀರ ಮೇಲೆ ಹನಿ ಬಿದ್ದು ಒರಟಾಯ್ತು, ಎಲ್ಲಿದೆ ಅಂತ ಸ್ಪಷ್ಟ ಕಾಣ್ತು. ಅವತ್ತಿಂದ ನಾನು ಕಾಲ ಮೇಲೆ ಬೀಳೋಕೆ ಶುರು ಮಾಡಿದೆ. ಪೈಸೆ ಖರ್ಚಿಲ್ಲ.

ಹೊಂಡದ ಲೆಕ್ಕ ಎಲ್ಲ ಸೇರಿ 95 ಸಾವಿರದ ಹತ್ರ, ಮೂವರಿಗೆ ಹಂಚಿದ್ರೆ ತಲಾ 32.

ಹಿಮದ ಕತೆ ಇನ್ನೂ ಸತಾಯಿಸ್ತು. 2023ರ ಕೊನೆಗೆ ನೀರಲ್ಲಿ ತಯಾರಾಗಿ 2024ರ ಜನವರಿಗೆ ಟಿಕೆಟ್ ಮಾಡಿಸಿದ್ರೆ ಗುಲ್ಮಾರ್ಗ್‌ನಲ್ಲಿ ಹಿಮವೇ ಇಲ್ಲ, ಒಣಹುಲ್ಲು, ಪೇಪರಲ್ಲೆಲ್ಲ ಅದೇ ಫೋಟೋ. ಟಿಕೆಟ್ ಹೋಟೆಲ್ ಬದಲಾಯಿಸೋಕೇ 20 ಸಾವಿರ ಮೇಲೆ ಹೋಯ್ತು. ಫೆಬ್ರವರಿಯಲ್ಲಿ ಹೋದ್ರೆ ಒಟ್ಟಿಗೇ ಸುರೀತು, ಆ ತಿಂಗಳೇ ಅಲ್ಲಿ ಹಿಮಕುಸಿತದಲ್ಲಿ ಒಬ್ಬ ರಷ್ಯನ್ ಸ್ಕೀಯರ್ ತೀರಿಕೊಂಡ. ನಾವು ಸ್ಟ್ರೇಟ್ ಏರ್ ಮಾತ್ರ ಹಾರಿ ವಾಪಸ್ ಬಂದ್ವಿ. ನೋಡಿದ್ರಾ ಅಂದ್ರು ಆಫೀಸಲ್ಲಿ, ದಕ್ಷಿಣದವರಿಗೆ ಯಾಕೆ ಹಿಮ ಅಂದ್ರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಚಿನ್ನ ತಂದಿರೋದು ಇವರಿಗ್ಯಾರಿಗೂ ಗೊತ್ತಿರಲಿಲ್ಲ, ನಾನೇ ಹೇಳಿದೆ.

2025ರಲ್ಲೂ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ವಿಂಟರ್ ಗೇಮ್ಸನ್ನೇ ಮಾರ್ಚ್‌ಗೆ ದೂಡಿದ್ರು. ಈ ಸಲ ನಾವು ಮುಂಚೆ ಬುಕ್ ಮಾಡಿರಲಿಲ್ಲ, ಹಿಮ ಬಿದ್ದ ಸುದ್ದಿ ಬಂದ ಮೇಲೇ ಹೊರಟದ್ದು, ವಿಮಾನ ದುಬಾರಿ ಆದ್ರೂ ಒಟ್ಟು ಲೆಕ್ಕದಲ್ಲಿ ಅಗ್ಗ.

ಜಾಗ ಹುಡುಕೋಕೇ ಒಂದು ದಿನ ಪೂರ್ತಿ ಬೇಕು. ಇಳಿಯೋ ಇಳಿಜಾರು 30 ಡಿಗ್ರಿ ಆದ್ರೂ ಇರಬೇಕು, ಸಪಾಟಿನ ಮೇಲೆ ಇಳಿದ್ರೆ ಬೆನ್ನುಮೂಳೆ ಹೋಗುತ್ತೆ, ಆದ್ರೆ 30 ದಾಟಿದ ಇಳಿಜಾರೇ ಹಿಮ ಕುಸಿಯೋದೂ. ಅದಕ್ಕೆ ಅಫರ್ವತ್ ಪರ್ವತದ ಕಡೆಯ ದೊಡ್ಡ ಬಯಲು ನೋಡಲೇ ಇಲ್ಲ, ಗೊಂಡೋಲಾ ಅನ್ನೋ ಕೇಬಲ್ ಕಾರಿನ ಮೊದಲ ಹಂತದ ಕೆಳಗೆ ಮರಗಳ ನಡುವೆ ಹತ್ತು ಹನ್ನೆರಡು ಮೀಟರಿನ ಗಿಡ್ಡ ಇಳಿಜಾರು, ಮೇಲೆ ದೊಡ್ಡ ಗುಡ್ಡ ಕೂತಿರದ ಜಾಗ ಆರಿಸಿದ್ವಿ. ಕಿಕ್ಕರನ್ನ ಪದರ ಪದರವಾಗಿ ತುಳಿದು ಕಟ್ಟಿ ರಾತ್ರಿಯೆಲ್ಲ ಗಟ್ಟಿಯಾಗೋಕೆ ಬಿಟ್ಟು, ಬೆಳಿಗ್ಗೆ ಸಲಿಕೆಯಲ್ಲಿ ಹೆರೆದು ಹೊಂಡದ ಬಾಗಿನ ಆಕಾರಕ್ಕೇ ತಂದ್ವಿ. ಆ ಆಕಾರದ ರಟ್ಟಿನ ಅಚ್ಚನ್ನ ಪುಣೆಯಿಂದ ಮಡಚಿಕೊಂಡು ಹೋಗಿದ್ದೆ. ಇಳಿಯೋ ಜಾಗನ ಮಾತ್ರ ಸಲಿಕೆಯಿಂದ ಕೊಚ್ಚಿ ಕೊಚ್ಚಿ ಮೆತ್ತಗೆ ಮಾಡಿದ್ವಿ. ಮಾರ್ಚ್ ಹಿಮ ಬೆಳಿಗ್ಗೆ ಕಲ್ಲು ಮಧ್ಯಾಹ್ನ ಗಂಜಿ, ಹನ್ನೊಂದರ ಸುಮಾರಿಗೆ ಒಂದು ಗಂಟೆ ಎರಡು ಗಂಟೆ ಮಾತ್ರ ಹದ ಸಿಗುತ್ತೆ, ಕಿಕ್ಕರ್ ಗಟ್ಟಿ ಇದ್ದು ಕೆಳಗಡೆ ಬಿಟ್ಟುಕೊಂಡಿರುತ್ತೆ. ಲಾಗಕ್ಕೆ ಮುಂಚೆ ವೇಗ ನೋಡೋಕೆ ಸ್ಟ್ರೇಟ್ ಏರ್ ಹಾರಿ ಹಾರಿ, ಎಲ್ಲಿಂದ ಹೊರಡಬೇಕು ಅಂತ ಕಡ್ಡಿ ನೆಟ್ವಿ, ಬಿಸಿಲೇರಿದಂಗೆ ಹಿಮ ಮೆತ್ತಗಾಗಿ ವೇಗ ಕಮ್ಮಿ ಆಗೋದ್ರಿಂದ ಕಡ್ಡಿ ಮೇಲಕ್ಕೆ ಹೋಗುತ್ತೆ.

ಮೋಡ ಕವಿದ್ರೆ ನೀರಲ್ಲಿ ಆದದ್ದೇ ಇಲ್ಲೂ, ಬಿಳಿ ಮೇಲೆ ಬಿಳಿ, ನೆಲ ಕಾಣಲ್ಲ. ಸ್ಪ್ರಿಂಕ್ಲರಿನ ಪಾಠ ನೆನಪಿತ್ತು, ಬಟ್ಟೆಗೆ ಹಾಕೋ ನೀಲಿ ಬಾಟಲ್ ತಗೊಂಡು ಹೋಗಿದ್ದೆ, ನೀರಲ್ಲಿ ಕಲಸಿ ಇಳಿಯೋ ಜಾಗಕ್ಕೆ ಅಡ್ಡಡ್ಡ ಗೆರೆ ಎಳೆದ್ವಿ, ಜೊತೆಗೆ ಮರದಡಿ ಬಿದ್ದ ಎಲೆಕಡ್ಡಿ.

ಮೊದಲ ಲಾಗ ಅಂದ್ರೆ ಹೀಗಿತ್ತು. ತುದಿಯ ತನಕ ಕಣ್ಣು ಎದುರಿನ ಮರದ ನೆತ್ತಿ ಮೇಲೆ, ಕೈ ಮೇಲಕ್ಕೆ, ಸೊಂಟ ಮುಂದಕ್ಕೆ, ಮಂಡಿ ಎದೆಗೆ. ಆಕಾಶ ಹೋಯ್ತು, ಮರದ ಬುಡ ಬಂತು, ನೀಲಿ ಗೆರೆ ಬಂತು, ಕಾಲು ಚಾಚಿದೆ. ಹೊಂಡದಲ್ಲಿ ಅಷ್ಟೂ ದಿನ ಮಾಡಿದ್ದೇ, ಒಂಚೂರೂ ಬೇರೆ ಇಲ್ಲ. ಹಿಮ್ಮಡಿ ಮೇಲೆ ಸ್ವಲ್ಪ ಜಾಸ್ತಿ ಭಾರ ಬಿದ್ದು ಕೈ ನೆಲಕ್ಕೆ ತಾಗಿತು, ಎದ್ದು ಹೋದೆ. ಮೂರನೆಯದೋ ನಾಲ್ಕನೆಯದೋ ಕೈ ತಾಗದೆ ಶುದ್ಧವಾಗಿ ನಿಂತಿತು. ಹಿಮದಲ್ಲೇ ಬೆಳೀಬೇಕು ಅಂದಿದ್ದ ಗುರುಗಳು ಅವತ್ತು ಕೆಳಗೇ ನಿಂತಿದ್ರು, ಸಂಜೆ ಕಹ್ವಾ (ಕಾಶ್ಮೀರಿ ಚಹಾ) ಕುಡಿಸಿ ರಟ್ಟಿನ ಅಚ್ಚು ಕೇಳಿದ್ರು. ಅಚ್ಚು ಕೊಡಲಿಲ್ಲ, ಹೊಂಡಕ್ಕೆ ಬನ್ನಿ ಅಂದೆ.

ಕಟ್ಟೋರು ಗಣಪತಿ ಹಬ್ಬ ಕಳೆದ ಕೂಡಲೇ ಶುರು ಮಾಡಿ, ಆಗ ಹೊಂಡ ತುಂಬಿರುತ್ತೆ. ತುದಿಗೂ ನೀರಿಗೂ ಐದಾರು ಅಡಿ ಇದ್ರೆ ಹದ. ತೋಟಕ್ಕೆ ನೀರು ಬಿಟ್ಟಂಗೆಲ್ಲ ಮಟ್ಟ ಇಳೀತಾ ಹೋಗಿ ಡಿಸೆಂಬರ್ ಹೊತ್ತಿಗೆ ಎಂಟು ಒಂಬತ್ತಡಿ ಆಗುತ್ತೆ, ಆಗ ಲಾಗ ಮುಗಿದ ಮೇಲೂ ತಿರುಗ್ತಾನೇ ಇರ್ತೀರಿ. ಅದಕ್ಕೆ ಬಾಗಿನ ಮುಂದಿನ ಕಾಲುಗಳನ್ನ ಜ್ಯಾಕ್ ಹಾಕಿ ಇಳಿಸೋ ಹಂಗೆ ಮೊದಲೇ ಮಾಡಿಸಿಕೊಳ್ಳಿ, ಮತ್ತೆ ಅಂಜೂರಕ್ಕೆ ನೀರು ಯಾವ ದಿನ ಅಂತ ತೋಟದವರನ್ನ ಕೇಳಿ ಬರೆದಿಟ್ಟುಕೊಳ್ಳಿ.