ನೀಲಿ ಇಂಕು, ಕೆಂಪು ಇಂಕು

ನಮ್ಮ ಮನೆ ಇರುವುದು ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ, ಮೇಗರವಳ್ಳಿಯಿಂದ ಸ್ವಲ್ಪ ಒಳಗೆ. ಅಡಿಕೆ ಮಂಡಿಯವರು ಅಪ್ಪನಿಗೆ ಪ್ರತಿ ವರ್ಷ ಒಂದು ಡೈರಿ ಕೊಡುತ್ತಿದ್ದರು. ಅಪ್ಪ ಅದರಲ್ಲಿ ಏನೂ ಬರೆಯುತ್ತಿರಲಿಲ್ಲ. 1986ರ ಡೈರಿಯನ್ನು ನಾನು ಇಟ್ಟುಕೊಂಡೆ. ಆಗ ನನಗೆ ಹದಿಮೂರು ವರ್ಷ. ಓದಿದ ಪುಸ್ತಕ, ಕಾಮಿಕ್ಸ್, ಪಕ್ಕದ ಮನೆಯಲ್ಲಿ ನೋಡಿದ ಟಿ.ವಿ. ಕಾರ್ಯಕ್ರಮ, ಎಲ್ಲದಕ್ಕೂ ಒಂದೊಂದು ಸಾಲು. ಏನು, ಎಲ್ಲಿ ಸಿಕ್ಕಿತು, ಇಷ್ಟವಾಯ್ತಾ, ಯಾಕೆ. ಈ 'ಯಾಕೆ' ಬರೆದಿಟ್ಟಿದ್ದೇ ಮುಂದೆ ಉಪಯೋಗಕ್ಕೆ ಬಂತು. ಬರೀ ಹೆಸರು ಬರೆದಿದ್ದರೆ ಇವತ್ತು ಆ ಡೈರಿಯಿಂದ ಏನೂ ತಿಳಿಯುತ್ತಿರಲಿಲ್ಲ.

ಮೊದಲ ವರ್ಷದ ತುಂಬಾ ಫ್ಯಾಂಟಮ್, ಮುಖವಾಡ ಹಾಕಿದ ಕಾಮಿಕ್ಸ್ ಹೀರೋ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರವರೆಗೆ ಬಂತು, ಕನ್ನಡದಲ್ಲೂ ಬರುತ್ತಿತ್ತು. ಡೆಂಕಾಲಿ ಕಾಡು, ತಲೆಬುರುಡೆಯ ಗುಹೆ, ಸಾವಿಲ್ಲದ ಮನುಷ್ಯ. ಅವನಿಗೂ ಸಾವಿದೆ, ಅಪ್ಪನಿಂದ ಮಗನಿಗೆ ಮುಖವಾಡ ಬರುತ್ತದೆ, ಈಗಿನವನು ಇಪ್ಪತ್ತೊಂದನೆಯವನು. ಈ ಗುಟ್ಟು ಕಾಡಿನವರಿಗೆ ಗೊತ್ತಿಲ್ಲ, ಓದುವ ನನಗೆ ಗೊತ್ತು! ಆ ಖುಷಿ ಏನು ಕಡಿಮೆಯದಾ? ಡೈರಿಯಲ್ಲಿ ಬರೆದಿದ್ದೇನೆ: "ಎಲ್ಲರಿಗೂ ಅವನೆಂದರೆ ಭಯ. ತುಂಬಾ ಇಷ್ಟ."

ಆ ಕಾಲದಲ್ಲೇ ದೂರದರ್ಶನದಲ್ಲಿ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಬಂತು. ಚಿತ್ರೀಕರಣ ಆಗಿದ್ದು ಇಲ್ಲೇ, ಆಗುಂಬೆಯಲ್ಲಿ. ಊರಿಗೆ ಊರೇ ಸಂಭ್ರಮದಿಂದ ನೋಡಿತು. ನಾನು ಬರೆದದ್ದು: "ನಮ್ಮೂರಿನ ಹಾಗೇ ಇದೆ. ಬೋರು." 1990ರಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿದೆ. ನಲವತ್ತು ಪುಟಕ್ಕೆ ನಿಲ್ಲಿಸಿದೆ. "ಹೀರೋ ಯಾರು ಅಂತ ಗೊತ್ತಾಗಲಿಲ್ಲ. ಬಿಟ್ಟೆ."

ಆಮೇಲೆ ಪತ್ತೇದಾರಿ, ಸಾಮಾಜಿಕ ಕಾದಂಬರಿ, ವಾರಪತ್ರಿಕೆಯ ಧಾರಾವಾಹಿ, ಸಿಕ್ಕಿದ್ದೆಲ್ಲ ಓದಿದೆ. ತೋಟ, ಸಂಸಾರ ಅಂತ ಶುರುವಾದ ಮೇಲೆ ಸಾಲುಗಳು ಕಡಿಮೆಯಾದವು. ಮೊಬೈಲ್ ಬಂದ ಮೇಲಂತೂ ಕೇಳುವುದೇ ಬೇಡ. 2017ರ ಇಡೀ ವರ್ಷಕ್ಕೆ ನಾಲ್ಕೇ ಸಾಲು.

ಮುಂದಿನ ಮಳೆಗಾಲದಲ್ಲಿ ಡೈರಿಗಳನ್ನು ಕೆಳಗೆ ಇಳಿಸಿದೆ. ಕಾಮಿಕ್ಸ್ ಇಟ್ಟ ಪೆಟ್ಟಿಗೆಯನ್ನು ಒರಲೆ ಎಂದೋ ತಿಂದು ಮಣ್ಣು ಮಾಡಿತ್ತು. ಡೈರಿಗಳು ಅಡುಗೆಮನೆಯ ಅಟ್ಟದ ಮೇಲಿದ್ದವು. ಹೊಗೆ ಹಿಡಿದು ರಟ್ಟು ಕಪ್ಪಾಗಿತ್ತು, ಆದರೆ ಒಂದು ಹುಳ ಮುಟ್ಟಿರಲಿಲ್ಲ. ಕೂತು ಓದಿದೆ. ಈ ಹುಡುಗನಿಗೆ ಇಷ್ಟವಾದದ್ದು ನನಗೆ ಈಗಲೂ ಇಷ್ಟವಾಗುತ್ತಾ ಅಂತ ನೋಡಬೇಕು ಅನ್ನಿಸಿತು. ಹಳೆಯ ಸಾಲುಗಳೆಲ್ಲ ನೀಲಿ ಇಂಕಿನಲ್ಲಿದ್ದವು. ಮತ್ತೆ ಓದಿದಾಗ ಅದರ ಕೆಳಗೇ ಕೆಂಪು ಇಂಕಿನಲ್ಲಿ ಬರೆಯುವುದು ಅಂತ ಮಾಡಿಕೊಂಡೆ. ನೀಲಿ ಸಾಲನ್ನು ತಿದ್ದಬಾರದು. ಅದು ತಪ್ಪಲ್ಲ, ಆಗಿನ ಸತ್ಯ.

ಓದಲು ಹೊತ್ತು ಬೇಕಿತ್ತು. ರಾತ್ರಿ ಆಗುತ್ತಿರಲಿಲ್ಲ, ಕಣ್ಣು ಎಳೆಯುತ್ತಿತ್ತು. ಬೆಳಗ್ಗೆ ಐದೂವರೆಗೆ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಬೆಂಕಿ ಹಾಕುವುದು ಹೇಗೂ ನನ್ನ ಕೆಲಸ. ಹಂಡೆ ನೀರು ಕಾಯುವವರೆಗೆ ಒಲೆ ಮುಂದೆ ಮಣೆ ಹಾಕಿಕೊಂಡು ಓದಲು ಶುರು ಮಾಡಿದೆ. ದಿನಕ್ಕೆ ಇಪ್ಪತ್ತು ಪುಟ. ಮೊಬೈಲ್ ಜಗಲಿಯಲ್ಲಿ. ಮೊದಲ ಎರಡು ವಾರ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ, ಮನಸ್ಸು ನಿಲ್ಲುತ್ತಿರಲಿಲ್ಲ. ಮೂರನೇ ವಾರ ಸರಿಹೋಯಿತು.

ಶಿವಮೊಗ್ಗದ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ ಏಳು ಇಂದ್ರಜಾಲ ಸಿಕ್ಕವು. ಆಸೆಯಿಂದ ತೆಗೆದೆ. ಮೂರನೆಯದಕ್ಕೇ ಮನಸ್ಸು ಮುರಿಯಿತು. ಕಾಡಿನಲ್ಲೇ ಹುಟ್ಟಿ ಬೆಳೆದ ಅಷ್ಟೂ ಜನ ಏನೂ ತಿಳಿಯದೆ ನಿಂತಿರುತ್ತಾರೆ. ಒಬ್ಬ ಬಿಳಿಯ ಬಂದು ದಾರಿ ತೋರಿಸಬೇಕು, ನ್ಯಾಯ ಹೇಳಬೇಕು. ನನಗೆ ಗೊತ್ತಿರುವ ಕಾಡಿನ ಜನ ಹಾಗಿಲ್ಲ. ಜೇನು ಎಲ್ಲಿದೆ, ಹಳ್ಳ ಎಷ್ಟು ಹೊತ್ತಿಗೆ ಇಳಿಯುತ್ತದೆ, ಯಾವ ಸೊಪ್ಪು ಯಾವ ನೋವಿಗೆ ಅಂತ ನನಗೆ ಹೇಳಿಕೊಟ್ಟವರೇ ಅವರು. ಹದಿಮೂರರಲ್ಲಿ ಇದು ಕಾಣಲೇ ಇಲ್ಲವಲ್ಲ ಅಂತ ಬೇಜಾರಾಯಿತು. ಕೆಂಪು ಸಾಲು ಹೀಗಿದೆ: "ಚಿತ್ರ ಈಗಲೂ ಚಂದ. ಕಾಡು ಮಾತ್ರ ಸುಳ್ಳು."

ಕಾಮಿಕ್ಸೇ ಬೇಡ ಅನ್ನಿಸಿದ್ದು ಆಗಲೇ. ಅದನ್ನು ಬದಲಿಸಿದ್ದು ಮಗಳು. ಜಪಾನಿನ ಒಸಾಮು ತೆಜುಕಾ ಬರೆದ 'ಬುದ್ಧ' ಕಾಮಿಕ್ಸಿನ ಮೊದಲ ಸಂಪುಟವನ್ನು ಬೆಂಗಳೂರಿಂದ ತಂದಳು. ಇಂಗ್ಲಿಷಿನಲ್ಲಿ ಅದು ಎಂಟು ಸಂಪುಟ. ನಾನು ಬೆಳೆದದ್ದು ಒಂದು ಇಡೀ ಜೀವನವನ್ನು 32 ಪುಟದಲ್ಲಿ ಮುಗಿಸುವ ಅಮರ ಚಿತ್ರ ಕಥೆಯಲ್ಲಿ. ಹಾಗಾಗಿ ಸರಸರ ಪುಟ ತಿರುಗಿಸಿದೆ. "ಅಪ್ಪ, ನೀವು ಮಾತು ಮಾತ್ರ ಓದ್ತಿದ್ದೀರಿ, ಚಿತ್ರ ನೋಡ್ತಾನೇ ಇಲ್ಲ" ಅಂದಳು. ನಿಜವಾಗಿತ್ತು. ಮತ್ತೆ ಮೊದಲಿಂದ ಹಿಡಿದೆ. ಮಾತಿನ ಗುಳ್ಳೆಗಳ ಮೇಲೆ ಹೆಬ್ಬೆರಳು ಇಟ್ಟು ಮೊದಲು ಚಿತ್ರ ಮಾತ್ರ ನೋಡುವುದು, ಆಮೇಲೆ ಬೆರಳು ತೆಗೆದು ಓದುವುದು.

ಆರಂಭದಲ್ಲೇ ಒಂದು ಕಥೆ ಬರುತ್ತದೆ. ಹಿಮದಲ್ಲಿ ಮುದುಕನೊಬ್ಬ ಬಿದ್ದಿದ್ದಾನೆ. ಕರಡಿ ಮೀನು ತರುತ್ತದೆ, ನರಿ ಹಣ್ಣು ತರುತ್ತದೆ. ಮೊಲಕ್ಕೆ ಏನೂ ಸಿಗುವುದಿಲ್ಲ. ಬೆಂಕಿ ಹೊತ್ತಿಸಲು ಹೇಳಿ, ತಾನೇ ಅದಕ್ಕೆ ಹಾರುತ್ತದೆ. ಜಾತಕ ಕಥೆ, ಗೊತ್ತಿದ್ದದ್ದೇ. ಆದರೆ ಇಲ್ಲಿ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆರಳು ಇಡುವುದಕ್ಕೂ ಜಾಗವಿಲ್ಲ. ಒಲೆ ಮುಂದೆ ಕೂತು ಅದನ್ನು ನೋಡಿದೆ. ಹಂಡೆ ನೀರು ಕುದಿದು ಉಕ್ಕಿದ್ದೂ ಗೊತ್ತಾಗಲಿಲ್ಲ.

ಆ ನಿಧಾನ ಕಲಿತ ಮೇಲೇ 1990ರಲ್ಲಿ ಬಿಟ್ಟ ಕಾದಂಬರಿಗೆ ಕೈ ಹಾಕಿದೆ. 1967ರಲ್ಲಿ ಬಂದದ್ದು, ದಪ್ಪ ಪುಸ್ತಕ. ಹೀರೋ ಯಾರು ಅಂತ ಈ ಸಲ ಹುಡುಕಲಿಲ್ಲ. ಅದರಲ್ಲಿ ಬರುವ ಗುತ್ತಿ ಎಂಬವನು ನಡೆದರೆ ಅವನ ಜೊತೆ ನಡೆದೆ. ಅವನ ನಾಯಿ ಹುಲಿಯ ನಿಂತರೆ ನಿಂತೆ. ನಮ್ಮ ಮೇಗರವಳ್ಳಿಯೂ ಅದರಲ್ಲಿದೆ. ಹದಿನೇಳರಲ್ಲಿ ಆ ಹೆಸರು ಓದಿ ಮುಂದೆ ಹೋಗಿದ್ದೆ. ಈಗ ಪುಸ್ತಕ ಮುಚ್ಚಿ ಹೊರಗೆ ಬಂದು ಗುಡ್ಡದ ಕಡೆ ನೋಡಿದೆ. ಯಾರೂ ಬಂದು ಕಾಪಾಡಬೇಕಿಲ್ಲದ, ಪ್ರತಿಯೊಬ್ಬನಿಗೂ ತನ್ನದೇ ಕೆಲಸ, ತನ್ನದೇ ದುಃಖ ಇರುವ ಕಾಡು ಅದು. ಮುಗಿಸಲು ಮೂರು ತಿಂಗಳು ಬೇಕಾಯಿತು. ಅಷ್ಟು ದಿನ ಸಿಕ್ಕಿದ್ದೇ ಪುಣ್ಯ.

'ಮಾಲ್ಗುಡಿ ಡೇಸ್' ಕೂಡ ಮತ್ತೆ ನೋಡಿದೆ, ವಾರಕ್ಕೆ ಒಂದೇ ಕಂತು. ನಮ್ಮೂರಿನ ಹಾಗೇ ಇದೆ ಅಂತಲೇ ಈಗ ಇಷ್ಟ.

ನಮ್ಮಲ್ಲಿ ಹಸ ಅನ್ನುವ ಮೇಲು ದರ್ಜೆಗೆ ಮಾಡುವ ಅಡಿಕೆಯನ್ನು ಇನ್ನೂ ಕೈಯಲ್ಲೇ ಸುಲಿಸುತ್ತೇವೆ. ಕಳೆದ ಕೊಯ್ಲಿನಲ್ಲಿ ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತವರ ಮಧ್ಯೆ ನಾನು ಆ ಕಾದಂಬರಿ ಓದಿ ಹೇಳಿದೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಗುತ್ತಿ ಹೋದ ದಾರಿ ಬಂದಾಗಲೆಲ್ಲ ಅದು ಈಗ ಎಲ್ಲಿ ಬರುತ್ತದೆ ಅಂತ ಅವರಲ್ಲೇ ವಾದ. ಹಿರಿಯಜ್ಜಿಯೊಬ್ಬರು ಮಾತ್ರ ಸುಮ್ನೆ ಕೇಳುತ್ತಿದ್ದರು. ಕೊನೆಯ ದಿನ ಬುಟ್ಟಿ ಎತ್ತಿಕೊಂಡು ಹೊರಡುವಾಗ ತಿರುಗಿ ನಿಂತರು.

"ಅಯ್ಯ, ಆ ನಾಯಿ ಕಡೆಗೆ ಏನಾಯ್ತು?"

"ಇನ್ನೂ ಆ ಪುಟಕ್ಕೆ ಬಂದಿಲ್ಲ ಅಜ್ಜಿ, ಮುಂದಿನ ಕೊಯ್ಲಿಗೆ ಹೇಳ್ತೀನಿ" ಅಂದೆ.