ಮೊಟ್ಟೆಗೆ ಬಣ್ಣ ಹಾಕುತ್ತಾ ಹಂಗೇರಿಯನ್ ಕಲಿಸಿದ್ದು

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ನ್ಯೂ ಬ್ರನ್ಸ್‌ವಿಕ್ ಹತ್ತಿರ. ಗಂಡನ ಮನೆಯವರು ಹಂಗೇರಿಯವರು. 1956ರ ದಂಗೆಯನ್ನು ಸೋವಿಯತ್ ಸೇನೆ ತುಳಿದು ಹಾಕಿದಾಗ ದೇಶ ಬಿಟ್ಟವರಲ್ಲಿ 30 ಸಾವಿರಕ್ಕೂ ಜಾಸ್ತಿ ಜನ ಇಲ್ಲೇ ಪಕ್ಕದ ಕ್ಯಾಂಪ್ ಕಿಲ್ಮರ್ ಎಂಬ ಸೇನಾ ಶಿಬಿರಕ್ಕೆ ಬಂದಿಳಿದರು. ನಮ್ಮತ್ತೆ ಆಗ ಪುಟ್ಟ ಹುಡುಗಿ. ಆ ತಲೆಮಾರಿನವರ ಮೊಮ್ಮಕ್ಕಳಿಗೆ ಶನಿವಾರ ನಡೆಯುವ ಹಂಗೇರಿಯನ್ ತರಗತಿಯಲ್ಲಿ ನಾನು ಸ್ವಯಂಸೇವಕಿ.

ಈ ಭಾಷೆ ಕಲಿಯಲು ನನಗೆ ಕನ್ನಡವೇ ನೆರವಾಯಿತು. ನಾವು ಮನೆ, ಮನೆಯಲ್ಲಿ, ಮನೆಗಳಲ್ಲಿ ಅಂತ ಪ್ರತ್ಯಯ ಸೇರಿಸುತ್ತಾ ಹೋಗುತ್ತೇವಲ್ಲ, ಅವರದೂ ಹಾಗೇ. ಆದರೆ ಮಕ್ಕಳ ತೊಡಕೇ ಬೇರೆ. ಅಜ್ಜಿ ಹೇಳಿದ್ದು ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸುಮ್ನೆ ಪದಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಮಾತು ಬರುವುದಿಲ್ಲ. ಕೈಗೆ ಕೆಲಸ ಕೊಡಬೇಕು.

ಅದಕ್ಕೇ ಈಸ್ಟರ್ ಹಬ್ಬಕ್ಕೆ ಮುಂಚೆ ಮೊಟ್ಟೆಗೆ ಬಣ್ಣ ಹಾಕುವ ವಾರಗಳೆಂದರೆ ನನಗೆ ಇಷ್ಟ. ಒಂದೊಂದು ಮೇಜಿಗೂ ಒಬ್ಬ ಅಜ್ಜಿ, ಸುತ್ತ ನಾಲ್ಕೈದು ಮಕ್ಕಳು. ಕಡ್ಡಿಯ ತುದಿಗೆ ಸಣ್ಣ ಲೋಹದ ಕೊಳವೆ ಸಿಕ್ಕಿಸಿದ ಸಾಧನಕ್ಕೆ ಈರೋಕ ಅನ್ನುತ್ತಾರೆ. ಅದರಲ್ಲಿ ಕರಗಿದ ಜೇನುಮೇಣ ತುಂಬಿ ಬಿಳಿ ಮೊಟ್ಟೆಯ ಮೇಲೆ ಗೆರೆ ಎಳೆಯಬೇಕು. ಆಮೇಲೆ ಈರುಳ್ಳಿ ಸಿಪ್ಪೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿಡಬೇಕು. ಬಣ್ಣ ಹಿಡಿದ ಮೇಲೆ ಮೇಣದಬತ್ತಿಯ ಪಕ್ಕ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಿಂದ ಒರೆಸಿದರೆ ಕಂದುಗೆಂಪಿನ ನಡುವೆ ಬಿಳಿ ಟ್ಯುಲಿಪ್ ಹೂ ಎದ್ದು ಕಾಣುತ್ತದೆ. ಮೇಜಿನ ನಿಯಮ ಒಂದೇ: ಬಟ್ಟೆ, ಮೇಣ, ಬಣ್ಣ, ಏನು ಬೇಕಾದರೂ ಹಂಗೇರಿಯನ್‌ನಲ್ಲೇ ಕೇಳಬೇಕು. ಮೇಣ ಆರುವ ಮೊದಲು ಕೆಲಸ ಆಗಬೇಕಲ್ವಾ, ನಾಚಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ತಪ್ಪಾದರೂ ಮಾತು ಹೊರಗೆ ಬರುತ್ತದೆ. ಅಲ್ಲೇ ತಿದ್ದಬೇಡಿ ಅಂತ ಅಜ್ಜಿಯಂದಿರಿಗೆ ಮೊದಲೇ ಹೇಳಿರುತ್ತೇನೆ.

ಈಸ್ಟರ್ ಸೋಮವಾರ ಹುಡುಗರು ಪದ್ಯ ಹೇಳಿ, ಹುಡುಗಿಯರ ಮೇಲೆ ನೀರನ್ನೋ ಸುಗಂಧವನ್ನೋ ಚಿಮುಕಿಸಿ, ಬದಲಿಗೆ ಬಣ್ಣದ ಮೊಟ್ಟೆ ಪಡೆಯುವ ಪದ್ಧತಿ ಇದೆ. ನಮ್ಮಲ್ಲಿ ಹುಡುಗಿಯರೂ ಪದ್ಯ ಕಲಿಯುತ್ತಾರೆ. ಅದು ಹಾಗೇ ಇರಬೇಕು ಅನ್ನುವುದು ನನ್ನ ಹಟ.

ಇಂಥ ಪದ್ಯಗಳು ಎಷ್ಟೋ ಇವೆ, ಒಬ್ಬೊಬ್ಬ ಅಜ್ಜಿಗೆ ಒಂದೊಂದು ಗೊತ್ತು. ಹಂಗೇರಿಯ ಸಂಗೀತಕಾರರಾದ ಬಾರ್ತೋಕ್ ಮತ್ತು ಕೊದಾಯ್ 20ನೇ ಶತಮಾನದ ಆರಂಭದಲ್ಲಿ ಫೋನೋಗ್ರಾಫ್ ಎಂಬ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಿದ ಕಥೆಯನ್ನು ದೊಡ್ಡ ಮಕ್ಕಳಿಗೆ ಹೇಳಿ, ಈ ಸಲ ಅವರ ಕೈಗೆ ಫೋನ್ ಕೊಟ್ಟಿದ್ದೇವೆ. ಪದ್ಯ ರೆಕಾರ್ಡ್ ಮಾಡಿದರೆ ಸಾಲದು. ಅದು ಯಾವ ಊರಿನದು, ಯಾರು ಕಲಿಸಿದ್ದು ಅಂತಲೂ ಕೇಳಿ ಬರೆದುಕೊಂಡು ಬರಬೇಕು. ಮೊದಲ ಸರದಿ ನಮ್ಮತ್ತೆಯದು.