ಮಕ್ಕಳ ಕಾದಂಬರಿ ಓದಿಸುತ್ತ ಪದಸಂಪತ್ತು ಬೆಳೆಸುವ ಬಗೆ

ಪಠ್ಯಪುಸ್ತಕದ ಪಾಠದಲ್ಲಿ ಒಂದು ಹೊಸ ಪದ ಸಾಮಾನ್ಯವಾಗಿ ಒಮ್ಮೆ ಬರುತ್ತದೆ. ಪಾಠದ ಕೊನೆಯ ‘ಪದಗಳ ಅರ್ಥ’ದಲ್ಲಿ ಅದನ್ನು ಉರು ಹೊಡೆದ ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೆ ಅದನ್ನು ಮತ್ತೆ ಕಾಣುವುದೇ ಅಪರೂಪ. ಕಾದಂಬರಿಯಲ್ಲಿ ಹಾಗಲ್ಲ. ಎರಡನೆಯ ಅಧ್ಯಾಯದಲ್ಲಿ ಕಂಡ ಪದ ಐದನೆಯ ಅಧ್ಯಾಯದಲ್ಲಿ ಬೇರೊಂದು ಪಾತ್ರದ ಬಾಯಲ್ಲಿ, ಬೇರೊಂದು ಸಂದರ್ಭದಲ್ಲಿ ತಿರುಗಿ ಬರುತ್ತದೆ. ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕಾದಂಬರಿ ಓದಿಸುವ ಅಧ್ಯಾಪಕರು ಈ ಮರುಭೇಟಿಯನ್ನೇ ಆಧಾರವಾಗಿ ಇಟ್ಟುಕೊಂಡರೆ ಪದಕಲಿಕೆ ತಾನಾಗಿ ಓದಿನ ಭಾಗವಾಗುತ್ತದೆ.

ಮೊದಲ ಕೆಲಸ ಅಧ್ಯಾಪಕರದು. ತರಗತಿಗೆ ಹೋಗುವ ಮುನ್ನ ಇಡೀ ಕಾದಂಬರಿಯನ್ನು ಪೆನ್ಸಿಲ್ ಹಿಡಿದು ಓದಬೇಕು. ಕಷ್ಟವೆನಿಸುವ ಪದಗಳೆಲ್ಲಕ್ಕೂ ಗೆರೆ ಎಳೆಯುತ್ತ ಹೋದರೆ ಪಟ್ಟಿ ಅತಿಯಾಗಿ ಬೆಳೆದು ಪಾಠವೇ ನಿಂತುಹೋಗುತ್ತದೆ. ಆದ್ದರಿಂದ ವಿಂಗಡಿಸುವುದು ಅಗತ್ಯ. ಅಮೆರಿಕದ ಶಿಕ್ಷಣತಜ್ಞೆಯರಾದ ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕ್‌ಕೌನ್ ಪದಗಳನ್ನು ಮೂರು ಸ್ತರಗಳಾಗಿ ನೋಡುವ ಕ್ರಮವೊಂದನ್ನು ರೂಪಿಸಿದ್ದಾರೆ. ಅದು ಕನ್ನಡಕ್ಕೂ ಚೆನ್ನಾಗಿ ಹೊಂದುತ್ತದೆ. ಮನೆ, ಓಡು, ಹಸಿವು ಮುಂತಾದ ದಿನಬಳಕೆಯ ಪದಗಳು ಮೊದಲ ಸ್ತರದವು, ಇವನ್ನು ಕಲಿಸಬೇಕಾಗಿಲ್ಲ. ಒಂದು ಕಸುಬಿಗೆ, ಪ್ರದೇಶಕ್ಕೆ ಅಥವಾ ಶಾಸ್ತ್ರಕ್ಕೆ ಸೇರಿದ ಪದಗಳು ಮೂರನೆಯ ಸ್ತರದವು. ಇವಕ್ಕೆ ಒಂದು ಚಿತ್ರ ಅಥವಾ ಒಂದು ಮಾತಿನ ವಿವರಣೆ ಸಾಕು. ಅಳುಕು, ಹಂಬಲ, ಹಿಂಜರಿ, ನಿಟ್ಟುಸಿರು, ತತ್ತರಿಸು, ಸಾವರಿಸಿಕೊಳ್ಳು ಮೊದಲಾದವು ನಡುವಿನ ಸ್ತರದವು. ಇವು ಯಾವ ಕಥೆಯಲ್ಲಾದರೂ ಬರಬಹುದು, ಪತ್ರಿಕೆಯಲ್ಲೂ ಬರುತ್ತವೆ, ಆದರೆ ಮಕ್ಕಳ ಆಡುಮಾತಿನಲ್ಲಿ ಕಡಿಮೆ. ತರಗತಿಯ ಸಮಯವನ್ನು ಇವುಗಳ ಮೇಲೆ ವ್ಯಯಿಸಬೇಕು. ಒಂದು ಅಧ್ಯಾಯಕ್ಕೆ ಐದಾರು ಪದಗಳಿಗಿಂತ ಹೆಚ್ಚು ಬೇಡವೆಂದೇ ನನ್ನ ಅಭಿಪ್ರಾಯ.

ಒಂದು ನಿಜವಾದ ಕೃತಿಯನ್ನು ಎದುರಿಗಿಟ್ಟುಕೊಂಡು ನೋಡೋಣ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಮಕ್ಕಳ ಕಾದಂಬರಿ. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು. ಶಿವಮೊಗ್ಗ ಜಿಲ್ಲೆಯ ಸಾಗರದವರಾದ ಡಿಸೋಜ ಅವರ ಬರವಣಿಗೆಗೆ, ಶರಾವತಿ ನದಿಗೆ ಅಣೆಕಟ್ಟು ಕಟ್ಟಿದ್ದರಿಂದಾದ ಮುಳುಗಡೆ ಮತ್ತೆ ಮತ್ತೆ ವಸ್ತುವಾಗಿದೆ. ಇಂಥ ಕೃತಿಯನ್ನು ಕೋಲಾರದಲ್ಲೋ ಕಲಬುರಗಿಯಲ್ಲೋ ಓದಿಸುವಾಗ ಮುಳುಗಡೆ, ಹಿನ್ನೀರು, ಒಕ್ಕಲೆಬ್ಬಿಸು ಎಂಬ ಮೂರು ಪದಗಳು ತಿಳಿಯದಿದ್ದರೆ ಕಥೆಯ ಬಾಗಿಲೇ ತೆರೆಯುವುದಿಲ್ಲ. ಆದ್ದರಿಂದ ಇವನ್ನು ಓದಿಗೆ ಮೊದಲೇ ಹೇಳಿಬಿಡಬೇಕು. ಹೇಳುವುದಕ್ಕೆ ಒಳ್ಳೆಯ ದಾರಿಯೊಂದಿದೆ. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದಕ್ಕಿಂತ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟು ಮುಳುಗಿತು; ಮಡೆನೂರು ಅಣೆಕಟ್ಟು ಎಂದೂ ಕರೆಯುವ ಅದು ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಚಿತ್ರವನ್ನು ತೋರಿಸಿ, ಅಣೆಕಟ್ಟನ್ನೇ ನುಂಗಿದ ನೀರು ಗದ್ದೆ, ತೋಟ, ಮನೆಗಳನ್ನು ಏನು ಮಾಡಿರಬಹುದೆಂದು ಕೇಳಿದರೆ ಮೂರು ಪದಗಳೂ ಒಟ್ಟಿಗೆ ಬೇರೂರುತ್ತವೆ. ಸಂಕ (ಹಳ್ಳ ದಾಟುವ ಕಾಲುಸೇತುವೆ), ಕಾನು (ದಟ್ಟ ಕಾಡು), ದಣಪೆ (ಬೇಲಿಯ ಬಾಗಿಲು) ಮೊದಲಾದ ಮಲೆನಾಡಿನ ಪದಗಳು ಓದಿನಲ್ಲಿ ಎದುರಾದರೆ ‘ನಿಮ್ಮೂರಲ್ಲಿ ಇದಕ್ಕೆ ಏನೆನ್ನುತ್ತಾರೆ, ಅಜ್ಜಿಯನ್ನು ಕೇಳಿಕೊಂಡು ಬನ್ನಿ’ ಎಂದರಾಯಿತು. ಹಗೇವು (ಧಾನ್ಯ ತುಂಬಿಡುವ ನೆಲದ ಕುಣಿ), ಬಣವೆ (ಹುಲ್ಲಿನ ರಾಶಿ), ಪಡಸಾಲೆ (ಮನೆಯ ಮುಂಭಾಗದ ಅಂಕಣ) ಬರುವ ಬಯಲುಸೀಮೆಯ ಕಥೆಯನ್ನು ತೀರ್ಥಹಳ್ಳಿಯಲ್ಲಿ ಓದಿಸುವಾಗಲೂ ಇದೇ ಕ್ರಮ. ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ ಅಥವಾ ತೆಲುಗು ಆಗಿರುವ ಮಕ್ಕಳು ತಮ್ಮ ಭಾಷೆಯ ಪದವನ್ನು ಹೇಳಲಿ, ಕನ್ನಡ ಪದದ ಪಕ್ಕದಲ್ಲೇ ಅದನ್ನೂ ಬರೆದುಕೊಳ್ಳಲಿ.

ಮೊದಲ ಓದು ಯಾವ ಪದಕ್ಕೂ ನಿಲ್ಲದೆ ಸಾಗಬೇಕು. ಅಧ್ಯಾಪಕರು ಗಟ್ಟಿಯಾಗಿ ಓದಲಿ, ಮಕ್ಕಳು ಪುಸ್ತಕ ನೋಡುತ್ತ ಕೇಳಲಿ. ಕಥೆ ಮುಂದೇನಾಯಿತೆಂಬ ಕುತೂಹಲ ಒಡೆದರೆ ಪದವನ್ನು ಹಿಡಿದಿಡುವ ಕೊಂಡಿಯೇ ಕಳಚಿದಂತೆ. ಎರಡನೆಯ ಓದಿನಲ್ಲಿ ಆರಿಸಿದ ಪದದ ಬಳಿ ನಿಲ್ಲಬೇಕು. ಪಾಠಕ್ಕೆಂದು ಕಟ್ಟಿದ ಈ ವಾಕ್ಯಗಳನ್ನು ನೋಡಿ: ‘ಸಂಕದ ನಡುವೆ ಬಂದಾಗ ಮರ ಕಿರ್ರೆಂದಿತು. ಹುಡುಗ ಅಳುಕುತ್ತ ಒಂದು ಹೆಜ್ಜೆ ಮುಂದಿಟ್ಟ, ತಕ್ಷಣ ಹಿಂದೆಗೆದುಕೊಂಡ.’ ಇಲ್ಲಿ ‘ಅಳುಕು’ ಎಂದರೇನೆಂದು ಹೇಳಿಕೊಡದೆ, ಹುಡುಗನ ಮನಸ್ಸಿನಲ್ಲಿ ಏನಿತ್ತು, ಅದು ಯಾವ ಮಾತಿನಿಂದ ಗೊತ್ತಾಯಿತು ಎಂದು ಕೇಳಬೇಕು. ಊಹೆಗೆ ವಾಕ್ಯದಲ್ಲೇ ಸಾಕ್ಷಿ ತೋರಿಸುವ ಅಭ್ಯಾಸ ಇಲ್ಲಿಂದ ಬೆಳೆಯುತ್ತದೆ. ಆದರೆ ಎಲ್ಲ ವಾಕ್ಯಗಳೂ ಇಷ್ಟು ಉದಾರವಾಗಿರುವುದಿಲ್ಲ. ‘ಅಜ್ಜ ನಿಟ್ಟುಸಿರು ಬಿಟ್ಟರು’ ಎಂಬಲ್ಲಿ ದುಃಖವೋ ದಣಿವೋ ನೆಮ್ಮದಿಯೋ ಎಂಬುದಕ್ಕೆ ಆಧಾರವಿಲ್ಲ. ಅಂಥ ಕಡೆ ಮಕ್ಕಳನ್ನು ಊಹೆಯಲ್ಲಿ ಅಲೆದಾಡಿಸದೆ ಅರ್ಥವನ್ನು ನೇರವಾಗಿ ಹೇಳಿ ಮುಂದುವರಿಯುವುದೇ ಸರಿ.

ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ಪರೀಕ್ಷಿಸುವ ಘಟ್ಟದಲ್ಲಿ ಕನ್ನಡದ ಮಕ್ಕಳಿಗೆ ನಿಜವಾದ ತೊಡಕು ಎದುರಾಗುತ್ತದೆ, ಅದಕ್ಕೆ ತರಗತಿಗಳಲ್ಲಿ ಸಿಗಬೇಕಾದ ಗಮನ ಸಿಗುತ್ತಿಲ್ಲ. ಕಾದಂಬರಿಯಲ್ಲಿರುವ ರೂಪ ನಿಘಂಟಿನಲ್ಲಿ ಇರುವುದಿಲ್ಲ. ‘ನೊಂದು’ ಎಂದು ಹುಡುಕಿದರೆ ಸಿಗದು, ‘ನೋಯು’ ಎಂದು ಹುಡುಕಬೇಕು. ಮಿಂದು ಎಂಬುದಕ್ಕೆ ಮೀಯು, ಸೋತು ಎಂಬುದಕ್ಕೆ ಸೋಲು, ಕಿತ್ತು ಎಂಬುದಕ್ಕೆ ಕೀಳು, ತೆತ್ತು ಎಂಬುದಕ್ಕೆ ತೆರು. ‘ಹೊತ್ತು’ ಇನ್ನೂ ಕಠಿಣ: ‘ಹೊತ್ತು ಮುಳುಗಿತು’ ಎಂಬಲ್ಲಿ ಅದು ನಾಮಪದ, ‘ಮೂಟೆ ಹೊತ್ತು ನಡೆದಳು’ ಎಂಬಲ್ಲಿ ‘ಹೊರು’ ಧಾತುವಿನ ರೂಪ. ಆದ್ದರಿಂದ ಪ್ರತಿ ಅಧ್ಯಾಯದಿಂದ ಇಂಥ ಮೂರು ನಾಲ್ಕು ಕ್ರಿಯಾರೂಪಗಳನ್ನು ಆರಿಸಿ ‘ಇದರ ಧಾತು ಯಾವುದು’ ಎಂದು ಬಾಯಲ್ಲೇ ಕೇಳುವ ಐದು ನಿಮಿಷದ ಅಭ್ಯಾಸ ಬಹಳ ಫಲ ಕೊಡುತ್ತದೆ. ವ್ಯಾಕರಣದ ಪಾಠದಲ್ಲಿ ಒಣಗಿದಂತಿರುವ ಧಾತು, ವಿಭಕ್ತಿ, ಸಂಧಿಗಳು ಇಲ್ಲಿ ಕೆಲಸಕ್ಕೆ ಬರುವ ಉಪಕರಣಗಳಾಗುತ್ತವೆ. ಅಕಾರಾದಿ ಕ್ರಮವನ್ನೂ ಕೈಯಾರೆ ಕಲಿಸಬೇಕು: ಅನುಸ್ವಾರವಿರುವ ಪದಗಳು ಮೊದಲು ಬರುತ್ತವೆಯಾದ್ದರಿಂದ ‘ಸಂಕ’ವು ‘ಸಕ್ಕರೆ’ಗಿಂತ ಮುಂಚೆ ಇರುತ್ತದೆ, ‘ಕ್ಷಣ’ವನ್ನು ಕಕಾರದಲ್ಲೇ ಹುಡುಕಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಲೆಯ ಗ್ರಂಥಾಲಯದಲ್ಲಿದ್ದರೆ ಒಳ್ಳೆಯದು. ಮಕ್ಕಳ ಕೈಗೆ ಮಾತ್ರ ಅದೇ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಹೆಚ್ಚು ಅನುಕೂಲ.

ಒಂದು ಪದ ಸಿಕ್ಕರೆ ಅದರ ಬಳಗವನ್ನೂ ಕರೆಯಬಹುದು. ಹಿನ್ನೀರು ತಿಳಿದ ಮಗುವಿಗೆ ಹಿನ್ನೆಲೆ, ಹಿನ್ನಡೆ, ಹಿಮ್ಮಡಿ, ಹಿಂಗಾಲು, ಹಿಮ್ಮೇಳ ಎಲ್ಲವೂ ಒಂದೇ ಗುಂಪಿನವೆಂದು ತೋರಿಸಿ, ‘ಮುಂ’ ಸೇರಿಸಿದರೆ ಇವುಗಳಲ್ಲಿ ಯಾವುದಕ್ಕೆ ಜೊತೆ ಸಿಗುತ್ತದೆಂದು ಹುಡುಕಲು ಬಿಡಬೇಕು. ಮುನ್ನಡೆ, ಮುಂಗಾಲು, ಮುಮ್ಮೇಳ ಬೇಗ ಸಿಗುತ್ತವೆ. ಹುಡುಕಾಟ ಮುಂಗಾರು ಹಿಂಗಾರುಗಳವರೆಗೂ ಬೆಳೆಯುತ್ತದೆ.

ಅನುಕರಣ ಪದಗಳಿಗೂ ನುಡಿಗಟ್ಟುಗಳಿಗೂ ಅರ್ಥ ಬರೆಸುವುದು ವ್ಯರ್ಥ. ಸರಸರನೆ, ದಬದಬನೆ ನಡೆದು ತೋರಿಸಿದರೆ ಸಾಕು. ‘ಕಾಲಿಗೆ ಬುದ್ಧಿ ಹೇಳಿದ’, ‘ಕಣ್ಣಲ್ಲಿ ಕಣ್ಣಿಟ್ಟು ಕಾದ’ ಎಂಬುವನ್ನು ಮಕ್ಕಳು ಅಭಿನಯಿಸಲಿ, ಉಳಿದವರು ಗುರುತಿಸಲಿ.

ಬರವಣಿಗೆಗೆ ಪ್ರತಿಯೊಬ್ಬರಿಗೂ ಒಂದು ಪದಪುಸ್ತಕವಿರಲಿ. ಕಾದಂಬರಿಯ ವಾಕ್ಯವನ್ನು ಪುಟಸಂಖ್ಯೆಯೊಂದಿಗೆ ಬರೆದು, ಅದರ ಕೆಳಗೆ ಅರ್ಥವನ್ನು ತಮ್ಮದೇ ಮಾತಿನಲ್ಲಿ ಬರೆಯಬೇಕು. ಆಮೇಲಿನ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ರೂಢಿಯ ಪ್ರಶ್ನೆಯನ್ನು ಸ್ವಲ್ಪ ಬದಲಿಸುವುದು ಅವಶ್ಯ. ‘ನನಗೆ ಹಂಬಲವಿದೆ’ ಎಂಬ ವಾಕ್ಯದಿಂದ ಮಗುವಿಗೆ ಅರ್ಥ ತಿಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ‘ನೀನು ಯಾವುದಕ್ಕಾಗಿ ಹಂಬಲಿಸಿದ್ದೆ, ಅದು ಬರೀ ಆಸೆ ಏಕಲ್ಲ’ ಎಂದು ಕೇಳಿದರೆ ಉತ್ತರದಲ್ಲಿ ಅರ್ಥ ತಾನಾಗಿ ಹೊರಬರುತ್ತದೆ. ಯಾವುದು ಹಂಬಲವಲ್ಲ ಎಂಬುದಕ್ಕೂ ಒಂದು ಉದಾಹರಣೆ ಬರೆಸಬೇಕು. ಬಾಯಾರಿದಾಗ ನೀರು ಬೇಕೆನಿಸುವುದನ್ನು ಯಾರೂ ಹಂಬಲವೆನ್ನುವುದಿಲ್ಲ, ದೂರದ ಊರಿನಲ್ಲಿ ದುಡಿಯುವ ಅಪ್ಪನನ್ನು ನೋಡಬೇಕೆನಿಸುವುದು ಹಂಬಲ.

ಮರೆವು ಕಲಿತ ಹೊಸತರಲ್ಲೇ ಅತಿ ವೇಗವಾಗಿರುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಪ್ರಯೋಗಗಳಿಂದ ತೋರಿಸಿದರು. ಹಾಗಾಗಿ ಕಲಿತ ಪದವನ್ನು ಮರುದಿನ ಒಮ್ಮೆ, ವಾರದ ಬಳಿಕ ಇನ್ನೊಮ್ಮೆ, ತಿಂಗಳ ನಂತರ ಮತ್ತೊಮ್ಮೆ ಮಾತಿಗೆ ತರಬೇಕು. ಹಳೆಯ ಪದ ಹೊಸ ಅಧ್ಯಾಯದಲ್ಲಿ ಕಂಡ ಕೂಡಲೇ ಮಕ್ಕಳು ಕೈ ಎತ್ತಲಿ. ಆ ಪುಟಸಂಖ್ಯೆಯನ್ನೂ ಪದಪುಸ್ತಕದಲ್ಲಿ ಸೇರಿಸಿಕೊಳ್ಳಲಿ, ಅರ್ಥದಲ್ಲಿ ಏನಾದರೂ ವ್ಯತ್ಯಾಸವಾಗಿದೆಯೇ ಎಂದು ನೋಡಲಿ.

ಮೌಲ್ಯಮಾಪನಕ್ಕೆ ಹೊಂದಿಸಿ ಬರೆಯುವ ಪ್ರಶ್ನೆಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಜ್ಞಾಪಕಶಕ್ತಿಯಷ್ಟೇ ಅಲ್ಲಿ ಪರೀಕ್ಷೆಗೊಳಗಾಗುತ್ತದೆ. ಕಾದಂಬರಿ ಮುಗಿದ ಮೇಲೆ, ಒಂದು ಅಧ್ಯಾಯವನ್ನು ಮತ್ತೊಂದು ಪಾತ್ರದ ಕಣ್ಣಿನಿಂದ ಒಂದು ಪುಟದಲ್ಲಿ ಬರೆಯಲು ಹೇಳಿ, ಪದಪುಸ್ತಕದಿಂದ ಎಂಟು ಪದಗಳನ್ನು ಅವರೇ ಆರಿಸಿ ಬಳಸಲಿ. ಪದ ಅಲ್ಲಿ ಸಹಜವಾಗಿ ಕೂತಿದೆಯೇ, ಬಲವಂತವಾಗಿ ತುರುಕಿದಂತಿದೆಯೇ ಎಂಬುದನ್ನು ನೋಡಿ ಅಂಕ ಕೊಡಬೇಕು. ತುರುಕಿದಂತಿರುವ ಪದಕ್ಕೆ ಅಂಕ ಕಳೆಯುವ ಬದಲು, ಅದು ಕಾದಂಬರಿಯಲ್ಲಿ ಬಂದ ಪುಟಗಳನ್ನು ಮತ್ತೊಮ್ಮೆ ಓದಿ ವಾಕ್ಯವನ್ನು ತಿದ್ದಿ ಬರೆಯಲು ಅವಕಾಶ ಕೊಡುವುದು ಉತ್ತಮ.